ನಾಲ್ಕು ಪಾದದ ಚಿಕಿತ್ಸೆ

ಹಾಜರಿ ಪುಸ್ತಕವನ್ನು ತೆರೆದು ಹೆಸರು ಕೂಗುವುದು ಅಧ್ಯಾಪಕನಿಗೆ ಎಷ್ಟು ರೂಢಿಯ ಕೆಲಸವೆಂದರೆ, ಕೂಗಿದ ಹೆಸರಿಗೆ ಉತ್ತರ ಬಾರದಿದ್ದಾಗ ಅವನ ಕೈ ತಾನಾಗಿಯೇ ಒಂದು ಗೆರೆಯನ್ನೆಳೆದು ಮುಂದಿನ ಹೆಸರಿಗೆ ಸರಿದುಬಿಡುತ್ತದೆ. ಹನ್ನೆರಡು ವರ್ಷಗಳ ಹಿಂದೆ ಅಂತಹ ಗೆರೆಗಳನ್ನು ನಾನು ಒಬ್ಬ ಹುಡುಗನ ಹೆಸರಿನ ಮುಂದೆ ಸಾಲಾಗಿ ಎಳೆದೆ. ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿ, ಹಳ್ಳಿಯಿಂದ ಬಂದವನು, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಹಳಗನ್ನಡ ಪದ್ಯವನ್ನು ತಪ್ಪಿಲ್ಲದೆ ಓದುತ್ತಿದ್ದನಾದುದರಿಂದ ಅವನ ಮೇಲೆ ನನಗೆ ಸ್ವಲ್ಪ ಅಭಿಮಾನವೂ ಇತ್ತು. ಆ ವರ್ಷ ಅವನಿಗೆ ಕೆಮ್ಮು ಹತ್ತಿಕೊಂಡಿತು. ಒಂದು ದಿನ ಪಾಠಕ್ಕೆ ಅಡ್ಡಿಯಾಯಿತೆಂದು, "ಹೊರಗೆ ಹೋಗಿ ಕೆಮ್ಮಿ ಮುಗಿಸಿ ಬಾರಪ್ಪ" ಎಂದೆ. ತರಗತಿ ನಕ್ಕಿತು. ಅವನು ಎದ್ದು ಹೋದ. ಆ ದಿನ ಮತ್ತೆ ಒಳಗೆ ಬರಲಿಲ್ಲ. ಕೆಲವು ದಿನಗಳಾದ ಮೇಲೆ ಕಾಲೇಜಿಗೂ ಬರಲಿಲ್ಲ. ತಿಂಗಳ ಕೊನೆಯಲ್ಲಿ ಹಾಜರಿ ಸಾಲದವರ ಪಟ್ಟಿಯಲ್ಲಿ ಅವನ ಹೆಸರನ್ನು ಬರೆದು ಕಚೇರಿಗೆ ಕಳುಹಿಸಿದೆ.

ಅವನಿಗೆ ಕ್ಷಯವೆಂಬುದನ್ನು ನನಗೆ ತಿಳಿಸಿದವನು ಅವನ ಸಹಪಾಠಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿ ಮಾತ್ರೆ ಕೊಡುತ್ತಿದ್ದರು, ಹಣವೇನೂ ಬೇಕಿರಲಿಲ್ಲ. ಎರಡು ತಿಂಗಳಲ್ಲಿ ಕೆಮ್ಮು ನಿಂತಿತು. ಹುಡುಗ ತರಗತಿಗೆ ಹಿಂದಿರುಗಿದ. ನಾನು ಸಮಾಧಾನಪಟ್ಟುಕೊಂಡೆ. ಆದರೆ ತಿಂಗಳೊಪ್ಪತ್ತು ಕಳೆಯುವಷ್ಟರಲ್ಲಿ ಅವನು ಮತ್ತೆ ಕಾಣೆಯಾದ. ಈ ಸಲ ನನಗೆ ಸುಮ್ಮನಿರಲು ಮನಸ್ಸಾಗಲಿಲ್ಲ. ವಿಳಾಸ ಹಿಡಿದು ಹುಡುಕಿಕೊಂಡು ಹೋದೆ. ವಿದ್ಯಾರ್ಥಿನಿಲಯವನ್ನು ಬಿಟ್ಟು ಅವನು ಪೇಟೆಯ ಹಿಂಬದಿಯ ಓಣಿಯಲ್ಲಿ, ಕಿಟಕಿಯೇ ಇಲ್ಲದ ಒಂದು ಕೋಣೆಯಲ್ಲಿದ್ದ. ನನಗಿಂತ ಮೊದಲೇ ಅಲ್ಲಿಗೆ ಒಬ್ಬ ಆರೋಗ್ಯ ಕಾರ್ಯಕರ್ತೆ ಬಂದಿದ್ದರು. ಮಾತ್ರೆ ಒಯ್ಯಲು ಬರದವನನ್ನು ಹುಡುಕುವುದು ಅವರ ಕೆಲಸ. ಕೋಣೆಯಲ್ಲಿದ್ದ ಒಂದೇ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟು ಅವರು ಹೊಸ್ತಿಲ ಮೇಲೆ ಕುಳಿತರು.

ನಾನು ಉಪಾಧ್ಯಾಯರ ಧಾಟಿಯಲ್ಲಿ, ಮಾತ್ರೆ ಬಿಟ್ಟರೆ ಆಗುವ ಅಪಾಯವನ್ನು ಹುಡುಗನಿಗೆ ವಿವರಿಸತೊಡಗಿದೆ. ಅವನು ತಲೆ ತಗ್ಗಿಸಿ ಕೇಳುತ್ತಿದ್ದ. ನನ್ನ ಮಾತು ಮುಗಿಯುವವರೆಗೆ ಕಾದಿದ್ದು, ಆ ತಾಯಿ ಒಂದೇ ಮಾತು ಕೇಳಿದರು: "ಬೆಳಿಗ್ಗೆ ಏನು ತಿಂದೆಯಪ್ಪಾ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಮಾತ್ರೆ ನುಂಗಿದರೆ ಹಸಿವು ಬಹಳ ಆಗುತ್ತದೆ, ಅಮ್ಮ. ಹಸಿವಾದರೆ ತಿನ್ನುವುದಕ್ಕೆ ಬೇಕಲ್ಲ. ಅದಕ್ಕೇ ಬಿಟ್ಟೆ."

ಆಮೇಲೆ ಒಂದೊಂದಾಗಿ ಎಲ್ಲವೂ ಹೊರಬಂದವು. ಜೊತೆಯ ಹುಡುಗರಿಗೆ ಕಾಯಿಲೆಯ ಹೆಸರು ತಿಳಿದೀತೆಂಬ ಭಯದಿಂದ ಅವನು ವಿದ್ಯಾರ್ಥಿನಿಲಯವನ್ನು ತಾನಾಗಿಯೇ ಬಿಟ್ಟಿದ್ದ. ಅದರೊಡನೆ ಅಲ್ಲಿನ ಎರಡು ಹೊತ್ತಿನ ಊಟವೂ ಹೋಯಿತು. ಕೋಣೆಯ ಬಾಡಿಗೆಗಾಗಿ ಒಂದು ಬೇಕರಿಯಲ್ಲಿ ರಾತ್ರಿಯ ಕೆಲಸಕ್ಕೆ ಸೇರಿದ. ಹಗಲು ನಿದ್ದೆ, ತರಗತಿ ತಪ್ಪಿತು. ದಿನಕ್ಕೆ ಒಂದು ಊಟ. ರೋಗ ಇಳಿಯುತ್ತಿದ್ದಂತೆ ಹಸಿವು ಮರಳಿತು. ಹಸಿವು ಮರಳಿದ್ದನ್ನೇ ಅವನು ಮಾತ್ರೆಯ ದೋಷವೆಂದು ತಿಳಿದ. ಭಯ, ಬಾಡಿಗೆ, ಹಸಿವು, ಮಾತ್ರೆ ಎಂಬ ಈ ಸರಪಳಿಯ ಒಂದು ಕೊಂಡಿಯೂ ಅವನ ಕಫದ ಪರೀಕ್ಷೆಯಲ್ಲಿ ಕಾಣುವಂತಹದಾಗಿರಲಿಲ್ಲ. ನನ್ನ ಹಾಜರಿ ಪುಸ್ತಕದಲ್ಲಿಯೂ ಕಾಣುವಂತಿರಲಿಲ್ಲ.

‘ಸಮಗ್ರ ಆರೋಗ್ಯ’ ಎಂಬ ಮಾತು ಈಗ ಬಹಳ ಬಳಕೆಯಲ್ಲಿದೆ. ಎಣ್ಣೆ ತಿಕ್ಕುವ ಅಂಗಡಿಯ ಫಲಕದಲ್ಲಿಯೂ ಅದು ಇದೆ, ದೊಡ್ಡ ಆಸ್ಪತ್ರೆಗಳ ಜಾಹೀರಾತಿನಲ್ಲಿಯೂ ಇದೆ. ಇಂಗ್ಲಿಷಿನ ‘ಹೋಲಿಸಂ’ ಎಂಬ ಮಾತನ್ನು ದಕ್ಷಿಣ ಆಫ್ರಿಕದ ರಾಜಕಾರಣಿ ಯಾನ್ ಸ್ಮಟ್ಸ್ ತನ್ನ 1926ರ ಗ್ರಂಥವೊಂದರಲ್ಲಿ ಬಳಕೆಗೆ ತಂದನು. ನಮ್ಮ ‘ಸಮಗ್ರ’ ಇಂದು ಅದರ ನೆರಳಾಗಿ ಸಂಚರಿಸುತ್ತಿದೆ. ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಆ ಕಿಟಕಿಯಿಲ್ಲದ ಕೋಣೆ ನೆನಪಾಗುತ್ತದೆ. ಅಲ್ಲಿ ನಡೆದುದಕ್ಕಿಂತ ಸ್ಪಷ್ಟವಾದ ಅರ್ಥ ಈ ಮಾತಿಗೆ ನನಗೆ ಇನ್ನೆಲ್ಲಿಯೂ ದೊರೆತಿಲ್ಲ.

ಭಾಷೆಯನ್ನು ಪಾಠ ಹೇಳುವವನು ಮೊದಲು ಪದಗಳನ್ನು ತಟ್ಟಿ ನೋಡುತ್ತಾನೆ. ಅದು ಅವನ ಕಸುಬು. ನಮ್ಮಲ್ಲಿ ‘ಆರೋಗ್ಯ’ ಎಂಬ ಮಾತಿದೆ, ‘ಸ್ವಾಸ್ಥ್ಯ’ ಎಂಬ ಮಾತಿದೆ. ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ಆರೋಗ್ಯವೆಂದರೆ ರೋಗವಿಲ್ಲದಿರುವಿಕೆ. ಒಂದು ಇಲ್ಲದುದರ ಹೆಸರು. ಸ್ವಸ್ಥನೆಂದರೆ ತನ್ನಲ್ಲಿ ತಾನು ನೆಲೆಗೊಂಡವನು. ಇದು ಇರುವುದರ ಹೆಸರು. ಸ್ವಸ್ಥನಾರು ಎಂಬುದನ್ನು ಹೇಳುವಾಗ ಸುಶ್ರುತ ಸಂಹಿತೆ ದೋಷ, ಅಗ್ನಿ, ಧಾತುಗಳ ಸಮಸ್ಥಿತಿಯನ್ನೂ ಮಲಗಳು ಸರಿಯಾಗಿ ಹೊರಬೀಳುವುದನ್ನೂ ಹೇಳಿ, ಅಷ್ಟಕ್ಕೇ ನಿಲ್ಲದೆ, ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸುತ್ತದೆ. ಇಂಗ್ಲಿಷಿನ ‘ಹೆಲ್ತ್’ ಎಂಬ ಮಾತಿಗೂ ‘ಹೋಲ್’, ಎಂದರೆ ಇಡಿಯಾದುದು, ಎಂಬ ಮಾತಿಗೂ ಬೇರು ಒಂದೇ. 1946ರಲ್ಲಿ ಅಂಗೀಕೃತವಾಗಿ 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವೂ ಆರೋಗ್ಯವೆಂಬುದು ರೋಗದ ಅಭಾವ ಮಾತ್ರವಲ್ಲವೆಂದು ಸಾರಿ, ದೇಹ ಮನಸ್ಸುಗಳ ಜೊತೆಗೆ ಸಮಾಜಜೀವನದ ಕ್ಷೇಮವನ್ನೂ ಅದರಲ್ಲಿ ಸೇರಿಸಿತು. ಹೀಗೆ ಲಕ್ಷಣ ಹೇಳುವುದರಲ್ಲಿ ಹಳಬರೂ ಹೊಸಬರೂ ಹಿಂದೆ ಬಿದ್ದಿಲ್ಲ. ಕಷ್ಟವಿರುವುದು ಲಕ್ಷಣವನ್ನು ಕೋಣೆಯೊಳಕ್ಕೆ ತರುವುದರಲ್ಲಿ.

ಚರಕ ಸಂಹಿತೆ ಈ ವಿಷಯದಲ್ಲಿ ಒಂದು ಉಪಯುಕ್ತವಾದ ಎಣಿಕೆಯನ್ನು ಕೊಡುತ್ತದೆ. ಅದರ ಪ್ರಕಾರ ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ಔಷಧ, ಉಪಚರಿಸುವವನು, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು, ಒಟ್ಟು ಹದಿನಾರು. ವೈದ್ಯನಿಗೆ ಶಾಸ್ತ್ರಜ್ಞಾನ, ಅನುಭವ, ದಕ್ಷತೆ, ಶುಚಿತ್ವಗಳಿರಬೇಕು. ಉಪಚಾರಕನಿಗೆ ಉಪಚಾರ ಬಲ್ಲ ತಿಳಿವು, ಚುರುಕು, ಶುಚಿತ್ವಗಳೊಡನೆ ರೋಗಿಯ ಮೇಲೆ ಪ್ರೀತಿಯೂ ಇರಬೇಕು. ಇನ್ನು ರೋಗಿಯ ಗುಣಗಳು: ನೆನಪು, ಹೇಳಿದಂತೆ ನಡೆಯುವಿಕೆ, ಅಂಜದಿರುವಿಕೆ, ಮತ್ತು ತನಗೇನಾಗಿದೆಯೆಂದು ಹೇಳಬಲ್ಲ ಶಕ್ತಿ. ಈ ಕೊನೆಯದನ್ನು ಮೊದಲ ಸಲ ಓದಿದಾಗ ನಾನು ಬೆರಗಾದೆ. ಹೇಳಿಕೊಳ್ಳುವುದನ್ನೂ ಅವರು ಚಿಕಿತ್ಸೆಯ ಅಂಗವೆಂದು ಎಣಿಸಿದ್ದರು! ಹೇಳುವವನಿದ್ದರೆ ಕೇಳುವವನೂ ಇರಬೇಕಷ್ಟೆ. ನಮ್ಮ ಹುಡುಗನಿಗೆ ಮಾತಿನ ಶಕ್ತಿಗೆ ಕೊರತೆಯಿರಲಿಲ್ಲ; ಹಳಗನ್ನಡ ಪದ್ಯವನ್ನು ಬಿಡಿಸಿ ಅರ್ಥ ಹೇಳಬಲ್ಲವನು. ಅವನಲ್ಲಿ ಕುಂದಿದ್ದುದು ಅಂಜದಿರುವಿಕೆ. ಅದು ಕುಂದುವುದರಲ್ಲಿ ತರಗತಿಯ ನಗೆಗೂ ಒಂದು ಪಾಲಿತ್ತು.

ಹಳೆಯದೆಲ್ಲವೂ ಪೂರ್ಣದೃಷ್ಟಿಯೆಂದು ಇದರಿಂದ ಯಾರೂ ಭಾವಿಸಬಾರದು. ‘ಕ್ಷಯ’ ಎಂಬ ಹೆಸರನ್ನೇ ನೋಡಿ. ದೇಹವೆಲ್ಲ ಸವೆಯುವುದನ್ನು ಕಂಡು ಇಟ್ಟ ಹೆಸರು ಅದು; ಅಷ್ಟರಮಟ್ಟಿಗೆ ಇಡಿಯ ಮನುಷ್ಯನನ್ನು ನೋಡಿದ ಹೆಸರು. ಆದರೆ ಅದರ ಸುತ್ತ ಬೆಳೆದ ಕಥೆಗಳು ರೋಗಿಗೆ ನ್ಯಾಯ ಮಾಡಲಿಲ್ಲ. ಚಂದ್ರನು ದಕ್ಷನ ಇಪ್ಪತ್ತೇಳು ಮಕ್ಕಳನ್ನು ಮದುವೆಯಾಗಿ ರೋಹಿಣಿಯೊಬ್ಬಳನ್ನೇ ಪ್ರೀತಿಸಿದ. ಮಾವನ ಶಾಪದಿಂದ ಕ್ಷಯ ಹಿಡಿಯಿತು. ಕಾಳಿದಾಸನ ರಘುವಂಶದ ಕೊನೆಯ ಅರಸು ಅಗ್ನಿವರ್ಣ ವಿಷಯಲಂಪಟನಾಗಿ ಇದೇ ರೋಗದಿಂದ ಅಳಿದ. ಎರಡು ಕಡೆಯಲ್ಲಿಯೂ ರೋಗವು ತಪ್ಪಿಗೆ ಬಂದ ಶಿಕ್ಷೆ. ಮನಸ್ಸನ್ನೂ ನಡತೆಯನ್ನೂ ರೋಗದೊಡನೆ ಕೂಡಿಸಿ ನೋಡುವ ದೃಷ್ಟಿ ಹೀಗೆ ಕೆಲವೊಮ್ಮೆ ರೋಗಿಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿಬಿಡುತ್ತದೆ. 1882ರಲ್ಲಿ ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಈ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ತೋರಿಸಿಕೊಟ್ಟಾಗ ವೈದ್ಯಕ್ಕೆ ಎಷ್ಟು ಉಪಕಾರವಾಯಿತೋ ರೋಗಿಯ ಮಾನಕ್ಕೂ ಅಷ್ಟೇ ಉಪಕಾರವಾಗಬೇಕಾಗಿತ್ತು. ಶಾಪವೂ ಅಲ್ಲ, ಲಂಪಟತನವೂ ಅಲ್ಲ. ಗಾಳಿಯಲ್ಲಿ ಬರುವ ಒಂದು ಕ್ರಿಮಿ. ಬಿಡಿಸಿ ನೋಡುವ ವಿಜ್ಞಾನವು ಮಾಡಿದ ಈ ಉಪಕಾರವನ್ನು ಮರೆತು ಸಮಗ್ರತೆಯ ಮಾತನ್ನಾಡುವುದು ಕೃತಘ್ನತೆ.

ಕ್ರಿಮಿ ಗೊತ್ತಾದರೂ ಅದನ್ನು ಕೊಲ್ಲುವ ಮದ್ದು ಬಹುಕಾಲ ದೊರೆಯಲಿಲ್ಲ. ಆ ನಡುಗಾಲದಲ್ಲಿ ಸ್ಯಾನಟೋರಿಯಂಗಳು, ಎಂದರೆ ಆರೋಗ್ಯಧಾಮಗಳು, ಎದ್ದವು. ಮದನಪಲ್ಲಿಯ ಬಳಿ ಆರೋಗ್ಯವರಂ 1915ರಲ್ಲಿ ಪ್ರಾರಂಭವಾಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ 1920ರ ದಶಕದ ಆರಂಭದಲ್ಲಿ ಒಂದು ಸ್ಯಾನಟೋರಿಯಂ ನಿಂತಿತು. ಅರಮನೆಯೂ ಈ ರೋಗಕ್ಕೆ ಹೊರತಾಗಿರಲಿಲ್ಲವೆಂಬುದಕ್ಕೆ ಅದು ಸಾಕ್ಷಿ. ಒಳ್ಳೆಯ ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ, ನಿಯಮಿತವಾದ ದಿನಚರಿ: ದೇಹವನ್ನು ಇಡಿಯಾಗಿ ಪೋಷಿಸುವ ಏರ್ಪಾಡು ಅಲ್ಲಿತ್ತು. ಆದರೆ ಮಂಚಗಳು ಕೆಲವೇ, ರೋಗಿಗಳು ಲಕ್ಷಗಟ್ಟಲೆ. ಮಂಚ ದೊರೆತವನೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮನೆಯಿಂದ ದೂರ. ದುಡಿಯುವವನು ಆರೋಗ್ಯಧಾಮದ ಜಗಲಿಯಲ್ಲಿ ಮಲಗಿದರೆ ಮನೆಯ ಒಲೆಯ ಗತಿಯೇನು? ದೇಹವನ್ನು ಪೂರ್ತಿ ನೋಡಿದ ಆ ವ್ಯವಸ್ಥೆ ಮನೆಯನ್ನು ನೋಡಲಿಲ್ಲ.

1956ರಲ್ಲಿ ಮದರಾಸಿನಲ್ಲಿ ಪ್ರಾರಂಭವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಆ ವೇಳೆಗೆ ಮದ್ದುಗಳು ಬಂದಿದ್ದವು. ಒಂದು ಗುಂಪಿನ ರೋಗಿಗಳಿಗೆ ಸ್ಯಾನಟೋರಿಯಂನಲ್ಲಿ, ಇನ್ನೊಂದು ಗುಂಪಿನವರಿಗೆ ಅವರವರ ಮನೆಯಲ್ಲಿಯೇ, ಅದೇ ಔಷಧವನ್ನು ಒಂದು ವರ್ಷ ಕೊಟ್ಟು ನೋಡಿದರು. ಮನೆಯವರ ಊಟ ಬಡವರ ಊಟ, ವಿಶ್ರಾಂತಿಯೂ ಕಡಮೆ. ಆದರೂ 1959ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಗುಣವಾಗುವುದರಲ್ಲಿ ಎರಡು ಗುಂಪುಗಳಿಗೂ ಹೆಚ್ಚಿನ ಅಂತರವಿರಲಿಲ್ಲ; ರೋಗಿಯನ್ನು ಮನೆಯಲ್ಲಿಟ್ಟುಕೊಂಡುದರಿಂದ ಮನೆಮಂದಿಗೆ ಹೆಚ್ಚಿನ ಅಪಾಯವೂ ತಗಲಲಿಲ್ಲ. ಜಗತ್ತಿನ ಸ್ಯಾನಟೋರಿಯಂಗಳ ಬಾಗಿಲು ಮುಚ್ಚುವುದಕ್ಕೆ ಈ ಅಧ್ಯಯನವೂ ಒಂದು ಕಾರಣವಾಯಿತು. ಸಮಗ್ರ ಚಿಕಿತ್ಸೆಯ ಅಭಿಮಾನಿಗಳು ಈ ಕಥೆಯ ಮುಂದೆ ತುಸು ನಿಲ್ಲಬೇಕು. ಗಾಳಿ, ಹಾಲು, ವಿಶ್ರಾಂತಿಗಳು ಮಾಡಲಾರದುದನ್ನು ಇಲ್ಲಿ ಮಾತ್ರೆ ಮಾಡಿತು. ಆದರೆ ಅದೇ ಅಧ್ಯಯನವು ರೋಗಿಯನ್ನು ಮರಳಿ ಅವನ ಮನೆಗೆ, ಹೆಂಡತಿ ಮಕ್ಕಳ ನಡುವೆಗೆ ತಂದು ಬಿಟ್ಟಿತು. ಇದನ್ನು ಯಾವ ದೃಷ್ಟಿಯೆಂದು ಕರೆಯೋಣ? ಬಿಡಿಯೆಂದೇ, ಇಡಿಯೆಂದೇ?

ಎರಡನೆಯ ಅಧ್ಯಾಯ ನಡೆದುದು ನಮ್ಮ ನೆಲದಲ್ಲಿ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಹಳ್ಳಿಯವರು ಅಜ್ಞಾನಿಗಳು, ಕೆಮ್ಮನ್ನು ಲೆಕ್ಕಿಸುವುದಿಲ್ಲ, ಆಸ್ಪತ್ರೆಗೆ ಬರುವುದಿಲ್ಲ. ಆದ್ದರಿಂದ ನಾವೇ ಯಂತ್ರಗಳನ್ನು ಹೊತ್ತು ಅವರನ್ನು ಹುಡುಕಿ ಹೋಗಬೇಕು ಎಂಬುದು ಆಗ ಬಲ್ಲವರ ನಂಬಿಕೆಯಾಗಿತ್ತು. ಆ ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ರೋಗಿಗಳನ್ನೇ ಮಾತನಾಡಿಸಿ ನೋಡಿದರು. 1963ರಲ್ಲಿ ಅವರು ಪ್ರಕಟಿಸಿದ ಸಂಗತಿ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಬಹುಪಾಲು ರೋಗಿಗಳಿಗೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆಯೆಂಬ ಅರಿವಿತ್ತು, ಚಿಂತೆಯೂ ಇತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದವರು. ಅಲ್ಲಿ ಹಲವರಿಗೆ ದೊರೆತಿದ್ದುದು ಒಂದು ಶೀಷೆ ಕೆಮ್ಮಿನ ಔಷಧ! ಹೇಳುವ ಶಕ್ತಿ ರೋಗಿಗೆ ಇತ್ತು; ಅವನು ಹೇಳಿಯೂ ಇದ್ದ. ಕೇಳುವ ಕಡೆಯಲ್ಲಿ ಕೊರತೆ. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ಇಂತಹ ತಿಳಿವಳಿಕೆಯೇ ತಳಹದಿ. ರೋಗಿ ತಾನಾಗಿ ಬರುವ ಸಾಮಾನ್ಯ ಆಸ್ಪತ್ರೆಯಲ್ಲಿಯೇ ಅವನ ಕಫವನ್ನು ಪರೀಕ್ಷಿಸಬೇಕೆಂಬ ನೀತಿ ಅದರಿಂದ ಬಲಗೊಂಡಿತು.

ಮೂರನೆಯ ಅಧ್ಯಾಯ ಅನ್ನದ್ದು. ಮಾತ್ರೆಯ ಗೆಲುವಿನಲ್ಲಿ ಅನ್ನದ ಮಾತು ಹಿಂದೆ ಸರಿಯಿತು. ಆದರೆ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ನಮ್ಮ ದೇಶದವರು. ಅವರಲ್ಲಿ ರೋಗಕ್ಕೆ ದಾರಿ ಮಾಡಿಕೊಡುವ ಕಾರಣಗಳಲ್ಲಿ ಅರೆಹೊಟ್ಟೆ ಬಹಳ ದೊಡ್ಡದು. ಮಂಗಳೂರಿನ ವೈದ್ಯಕೀಯ ಕಾಲೇಜೊಂದರ ಅಧ್ಯಾಪಕರಾದ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಅವರ ಜೊತೆಗಾರರು ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳ ಮನೆಗಳನ್ನು ಆಯ್ದುಕೊಂಡು ಒಂದು ಪರೀಕ್ಷೆ ನಡೆಸಿದರು. ರೋಗಿಗಳೆಲ್ಲರಿಗೂ ಔಷಧದ ಜೊತೆಗೆ ತಿಂಗಳು ತಿಂಗಳು ಅಕ್ಕಿ, ಬೇಳೆಕಾಳು, ಹಾಲಿನ ಪುಡಿ, ಎಣ್ಣೆ. ಒಂದು ಗುಂಪಿನ ಮನೆಗಳಲ್ಲಿ ರೋಗಿಯೊಡನೆ ವಾಸಿಸುವ ಉಳಿದವರಿಗೂ ಅಕ್ಕಿ, ಬೇಳೆಕಾಳು. 2023ರಲ್ಲಿ ಫಲ ಹೊರಬಂತು: ಮನೆಮಂದಿಗೆಲ್ಲ ಪಡಿ ದೊರೆತ ಗುಂಪಿನಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇಕಡ 39ರಷ್ಟು ಕಡಮೆಯಾಗಿತ್ತು, ಕಫದಿಂದ ಹರಡುವ ಬಗೆಯ ಶ್ವಾಸಕೋಶದ ಕ್ಷಯವಂತೂ ಶೇಕಡ 48ರಷ್ಟು. ಅಕ್ಕಿ ಬೇಳೆಗಳು ರೋಗ ತಡೆಯುವ ಮದ್ದಾಗಿ ಅಳತೆಗೆ ಸಿಕ್ಕಿದ್ದವು. ಸರ್ಕಾರವೂ 2018ರ ಏಪ್ರಿಲಿನಿಂದ ಕ್ಷಯರೋಗಿಗೆ ಪೋಷಣೆಗಾಗಿ ತಿಂಗಳಿಗೆ 500 ರೂಪಾಯಿ ಕೊಡತೊಡಗಿ, 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿಗೆ ಏರಿಸಿತು. ಆ ಯೋಜನೆಯ ಹೆಸರಿನಲ್ಲಿ ‘ನಿಕ್ಷಯ್’ ಎಂಬ ಮಾತಿದೆ. ಹಿಂದಿಯ ಉಚ್ಚಾರದಲ್ಲಿ ಬಾಲ ಕತ್ತರಿಸಿಕೊಂಡಿದ್ದರೂ ನಮ್ಮ ಹಳೆಯ ಪದವೇ. ನಮ್ಮ ಹುಡುಗನ ಕಾಲಕ್ಕೆ ಈ ಹಣ ಇರಲಿಲ್ಲ.

ಸ್ಯಾನಟೋರಿಯಂ ದೇಹವನ್ನು ನೋಡಿ ಮನೆಯನ್ನು ಬಿಟ್ಟಿತು. ಮಾತ್ರೆ ಮನೆಗೆ ಬಂದು ಅಡಿಗೆಮನೆಯನ್ನು ಬಿಟ್ಟಿತು. ಪುರಾಣ ಮನಸ್ಸನ್ನು ನೋಡಿ ಮಾನವನ್ನು ಕಳೆಯಿತು. ಸಮಗ್ರ ದೃಷ್ಟಿಯೆಂಬುದು ಹತ್ತು ಚಿಕಿತ್ಸೆಗಳನ್ನು ಒಂದು ಚೀಲಕ್ಕೆ ತುಂಬುವುದರಿಂದ ಬರುವುದೆಂದು ನನಗೆ ತೋರುವುದಿಲ್ಲ. ಈಗ ನಾವು ಮಾಡುತ್ತಿರುವ ಏರ್ಪಾಡಿನಲ್ಲಿ ಯಾರು, ಯಾವುದು, ನೋಟದಿಂದ ಹೊರಗೆ ಉಳಿಯಿತು ಎಂದು ಮತ್ತೆ ಮತ್ತೆ ಕೇಳಿಕೊಳ್ಳುವ ಅಭ್ಯಾಸಕ್ಕೇ ಆ ಹೆಸರು ಸಲ್ಲಬೇಕು.

ಈ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ‘ಸಮಗ್ರ’ದ ಹೆಸರಿನಲ್ಲಿ ಔಷಧವನ್ನೇ ಬಿಡಿಸುವವರು ಇದ್ದಾರೆ. ಕಷಾಯ ಕುಡಿದು, ಉಸಿರನ್ನು ನಿಗ್ರಹಿಸಿ, ಮನಸ್ಸನ್ನು ತಿಳಿಯಾಗಿಟ್ಟುಕೊಂಡರೆ ಸಾಕು, ಮಾತ್ರೆಯ ವಿಷ ಬೇಡ ಎಂಬ ಉಪದೇಶ ಕೇಳುವುದಕ್ಕೆ ಹಿತವಾಗಿರುತ್ತದೆ. ಕ್ಷಯರೋಗಿ ಅದನ್ನು ನಂಬಿದರೆ ಅವನ ಪ್ರಾಣಕ್ಕೇ ಅಪಾಯ. ಅರ್ಧಕ್ಕೆ ನಿಂತ ಚಿಕಿತ್ಸೆಯಿಂದ ಮದ್ದಿಗೆ ಬಗ್ಗದ ಕ್ರಿಮಿಗಳು ಬೆಳೆದು, ಅವನ ಮನೆಯವರಿಗೂ ತಗಲುತ್ತವೆ. ಚರಕನ ನಾಲ್ಕು ಪಾದಗಳಲ್ಲಿ ಔಷಧವೂ ಒಂದು. ಅದನ್ನು ಕಡಿದವನು ಸಮಗ್ರತೆಯ ಹೆಸರೆತ್ತುವುದು ಹೇಗೆ? ಪ್ರಾಣಾಯಾಮವಾಗಲಿ ಧ್ಯಾನವಾಗಲಿ ಬೇಡವೆಂದಲ್ಲ. ಮನಸ್ಸಿಗೆ ನೆಮ್ಮದಿ ತರುವುದು ಯಾವುದಿದ್ದರೂ ಅದಕ್ಕೆ ಸ್ಥಾನವುಂಟು. ಆ ಸ್ಥಾನ ಮಾತ್ರೆಯ ಪಕ್ಕದಲ್ಲಿ.

ಇನ್ನೊಂದು ಆಕ್ಷೇಪಣೆಯನ್ನು ನನ್ನ ವೈದ್ಯಮಿತ್ರರೊಬ್ಬರು ಎತ್ತಿದರು. "ಬೆಳಗಿನಿಂದ ಮಧ್ಯಾಹ್ನದವರೆಗೆ ನೂರು ರೋಗಿಗಳು ಸಾಲು ನಿಂತಿರುತ್ತಾರೆ, ಮೇಷ್ಟ್ರೆ. ಒಬ್ಬೊಬ್ಬರ ಬಾಡಿಗೆ, ಬೇಕರಿ, ಬೆಳಗಿನ ತಿಂಡಿಗಳನ್ನು ವಿಚಾರಿಸುತ್ತ ಕುಳಿತರೆ ತೊಂಬತ್ತನೆಯವನು ಹೊರಗೆ ಬಿಸಿಲಿನಲ್ಲಿಯೇ ಬೀಳುತ್ತಾನೆ" ಎಂದರು. ನಿಜವೇ. ಆ ಹೊರೆಯನ್ನು ವೈದ್ಯನ ಮೇಲೆಯೇ ಹೊರಿಸುವುದು ಅನ್ಯಾಯ. ಪಾದಗಳು ನಾಲ್ಕೆಂದುದು ಅದಕ್ಕಾಗಿಯೇ ಇರಬೇಕು. ಉಪಚರಿಸುವವನೆಂಬ ಮೂರನೆಯ ಪಾದ ನಮ್ಮ ಕಾಲದಲ್ಲಿ ಬಹಳ ಸೊರಗಿದೆ. ಹೊಸ್ತಿಲ ಮೇಲೆ ಕುಳಿತ ಆ ಕಾರ್ಯಕರ್ತೆಗೆ ದೊರೆಯುತ್ತಿದ್ದ ಸಂಬಳ ಎಷ್ಟೆಂದು ನಾನು ಕೇಳಲಿಲ್ಲ, ಹೆಚ್ಚಿರಲಾರದು. ಅವರ ಹಿಂದೆ ನಿಲ್ಲಬೇಕಾದವರು ಮನೆಯವರು, ನೆರೆಯವರು, ವಿದ್ಯಾರ್ಥಿನಿಲಯದ ಮೇಲ್ವಿಚಾರಕರು, ನನ್ನಂತಹ ಅಧ್ಯಾಪಕರು. ರೋಗವನ್ನು ತಿಳಿಯುವ ವಿದ್ಯೆ ನಮಗಿಲ್ಲ. ಆದರೆ ಊಟವಾಯಿತೇ ಎಂದು ಕೇಳುವುದಕ್ಕೆ ಯಾವ ಪದವಿ ಬೇಕು? ಕನ್ನಡಿಗರು ದಾರಿಯಲ್ಲಿ ಎದುರಾದವರನ್ನು ಮೊದಲು ಕೇಳುವ ಪ್ರಶ್ನೆಯೇ ಅದು. ಉತ್ತರಕ್ಕಾಗಿ ನಾವು ನಿಲ್ಲುವುದಿಲ್ಲ, ಅಷ್ಟೆ.

ಹುಡುಗನ ಕಥೆಯನ್ನು ಮುಗಿಸಬೇಕು. ಆ ಕಾರ್ಯಕರ್ತೆ ವಿದ್ಯಾರ್ಥಿನಿಲಯದ ಮೇಲ್ವಿಚಾರಕರನ್ನು ಕಂಡು, ಇಷ್ಟು ವಾರ ಔಷಧ ಸಂದ ಮೇಲೆ ಇವನಿಂದ ಬೇರೆಯವರಿಗೆ ರೋಗ ಹರಡುವ ಭಯವಿಲ್ಲವೆಂದು ವೈದ್ಯರಿಂದ ಬರೆಯಿಸಿಕೊಟ್ಟರು. ಮತ್ತೆ ಕಫ ಪರೀಕ್ಷೆ ಮಾಡಿಸಿದರು. ಚಿಕಿತ್ಸೆ ಮುಂದುವರಿಯಿತು. ಅವನಿಗೆ ಊಟದ ಮನೆಯಲ್ಲಿ ಮತ್ತೆ ಜಾಗ ದೊರೆಯಿತು. ಮೊದಲ ಕೆಲವು ದಿನ ಅವನ ಎದುರಿನ ಮಣೆ ಖಾಲಿಯಿರುತ್ತಿತ್ತಂತೆ. ಅದನ್ನು ಕೇಳಿ ಒಂದು ಭಾನುವಾರ ನಾನು ಹೋಗಿ ಅಲ್ಲಿ ಕುಳಿತು ಉಂಡೆ. ದೊಡ್ಡ ಕೆಲಸವೇನೂ ಅಲ್ಲ. ಮುದ್ದೆಯೂ ಸಾರೂ ಚೆನ್ನಾಗಿದ್ದವು. ಮುಂದಿನ ವಾರ ಇಬ್ಬರು ಹುಡುಗರು ತಾವಾಗಿಯೇ ಬಂದು ಕುಳಿತರೆಂದು ಅವನೇ ಹೇಳಿದ. ಒಂದು ವರ್ಷ ತಡವಾಗಿ ಅವನು ಪರೀಕ್ಷೆ ಕಟ್ಟಿ ತೇರ್ಗಡೆಯಾದ. ಈಗ ಎಲ್ಲಿಯೋ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು.

ಕೆಮ್ಮಿ ಮುಗಿಸಿ ಬಾ ಎಂದ ನನ್ನ ಮಾತಿನ ಪ್ರಸ್ತಾಪವನ್ನು ಅವನು ಎಂದೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಬೇಕಾಗಿತ್ತು.

ಹಾಜರಿ ಪುಸ್ತಕದಲ್ಲಿ ಈಗಲೂ ಗೆರೆ ಎಳೆಯುತ್ತೇನೆ, ನಿಯಮ ನಿಯಮವೇ. ಆದರೆ ಒಂದು ಹೆಸರಿನ ಮುಂದೆ ಮೂರು ಗೆರೆಗಳು ಕೂಡಿದರೆ, ತರಗತಿ ಮುಗಿದ ಮೇಲೆ ಪಕ್ಕದ ಬೆಂಚಿನವನನ್ನು ಕರೆದು ವಿಚಾರಿಸುತ್ತೇನೆ. ಹೆಚ್ಚಿನ ಸಲ ಅಕ್ಕನ ಮದುವೆಯೋ, ಊರ ಜಾತ್ರೆಯೋ, ಕ್ರಿಕೆಟ್ ಪಂದ್ಯವೋ ಇರುತ್ತದೆ. ಹುಡುಗರು ನನ್ನನ್ನು ಅನುಮಾನದ ಮೇಷ್ಟ್ರೆಂದು ಹಿಂದಿನಿಂದ ನಗುತ್ತಾರೆಂದೂ ಬಲ್ಲೆ. ನಗಲಿ. ವರ್ಷಕ್ಕೆ ಒಂದೆರಡು ಸಲ ಕರೆದ ಹುಡುಗ ಉತ್ತರ ಹೇಳದೆ ನೆಲ ನೋಡುತ್ತಾನೆ. ಆಗ ನಾನು ಪುಸ್ತಕವನ್ನು ಮುಚ್ಚಿ, ಅವನನ್ನು ಕೂರಿಸಿಕೊಂಡು, ಬೆಳಿಗ್ಗೆ ಏನು ತಿಂದೆಯೆಂಬುದರಿಂದ ಮಾತನ್ನು ಆರಂಭಿಸುತ್ತೇನೆ.